ಕಬ್ಬಿಣವಾಗುವ ವೀರನೂ ನಮ್ಮೂರ ಗುಂಡುಕಲ್ಲೂ

ನನ್ನ ತಕರಾರು ಇದ್ದದ್ದು ಆ ಕುರ್ಚಿಯ ಬಗ್ಗೆ ಮಾತ್ರ. ಚಿತ್ರಕಥೆಯ ಹದಿನೇಳನೆಯ ಪುಟದಲ್ಲಿ ವೀರನು ತನ್ನ ಮೈಯನ್ನು ಕಬ್ಬಿಣದಷ್ಟು ಸಾಂದ್ರಗೊಳಿಸಿಕೊಂಡು, ಮೈಮೇಲೆ ಬಂದ ಲಾರಿಯನ್ನು ಎದೆಯೊಡ್ಡಿ ನಿಲ್ಲಿಸಿ, ಅದರ ಮೂತಿಯನ್ನು ಸುಟ್ಟ ಬದನೆಕಾಯಿಯಂತೆ ಜಜ್ಜಿಹಾಕುತ್ತಾನೆ, ಇರಲಿ, ಒಪ್ಪೋಣ. ಹದಿನೆಂಟನೆಯ ಪುಟದಲ್ಲಿ, ಇನ್ನೂ ಕಬ್ಬಿಣವಾಗಿಯೇ, ಬೆತ್ತದ ಕುರ್ಚಿಯೊಂದರ ಮೇಲೆ ಕಾಲಮೇಲೆ ಕಾಲು ಹಾಕಿ ಕೂರುತ್ತಾನೆ, ಕುರ್ಚಿ ಮಾತ್ರ ಕಿರ್ ಎಂದೂ ಅನ್ನುವುದಿಲ್ಲ. ಓದುಗ ಮಹಾಶಯರೇ, ನಾನು ನಲವತ್ತಾರು ಕಿಲೋ ತೂಗುವ ಮನುಷ್ಯ. ಅಂಥ ನಾನು ಕೂತರೇ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯ ಕುರ್ಚಿ ಮೂರು ಸಲ ನರಳಿ, ಒಂದು ಕಾಲನ್ನು ಒಳಗೆಳೆದುಕೊಂಡು, ಆಮೇಲೆ ಒಲ್ಲದ ಮನಸ್ಸಿನಿಂದ ನನ್ನನ್ನು ಸ್ವೀಕರಿಸುತ್ತಿತ್ತು.

ಪುಸ್ತಕ ನನ್ನದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗಿ ಐದಾರು ವರ್ಷವಾಗಿದ್ದ ಕಾಲ ಅದು. ಅಳವಂಡಿ ಕಡೆಯ ನಮ್ಮೂರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಭೌತಶಾಸ್ತ್ರದ ಪುಸ್ತಕದ ಹೊಟ್ಟೆಯೊಳಗೆ ಅಡಗಿದ್ದ ಈ ಚಿತ್ರಕಥೆಯನ್ನು ನಾನು ವಶಪಡಿಸಿಕೊಂಡಿದ್ದೆ. ಮುಖಪುಟ ಹರಿದುಹೋಗಿದ್ದರಿಂದ ವೀರನ ನಾಮಧೇಯ ಇಂದಿಗೂ ನನಗೆ ಅಜ್ಞಾತ. ಗಂಗಾವತಿಯ ಬಸ್‌ಸ್ಟ್ಯಾಂಡಿನ ಹಿಂದಿನ ರದ್ದಿ ಅಂಗಡಿಯಲ್ಲಿ ಇಂಥವನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರಂತೆ. ತನ್ನ ಭಾರವನ್ನು ಮನಬಂದಂತೆ ಏರಿಳಿಸುವ ವೀರನನ್ನು ತಕ್ಕಡಿಗೆ ಹಾಕಿ ಮಾರಿದ ಆ ಅಂಗಡಿಯವನ ಧೈರ್ಯವನ್ನು ಮೆಚ್ಚಬೇಕು. ವಶಪಡಿಸಿಕೊಂಡ ಪುಸ್ತಕವನ್ನು ಓದದೆ ಹಿಂದಿರುಗಿಸುವುದು ಕರ್ತವ್ಯಲೋಪವೆಂಬುದು ನನ್ನ ದೃಢ ನಂಬಿಕೆಯಾದ್ದರಿಂದ ನಾನದನ್ನು ನಾಲ್ಕು ಬಾರಿ ಓದಿದೆ.

ಓದಿದ ಮೇಲೆ ಸೀಮೆಸುಣ್ಣ ಹಿಡಿಯದಿರಲು ಸಾಧ್ಯವೇ? ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ಕೊಠಡಿಯ ಹಲಗೆಯ ಮೇಲೆ ಲೆಕ್ಕ ಶುರುವಾಯಿತು. ಅರವತ್ತು ಕಿಲೋದ ಮನುಷ್ಯ ಹೆಚ್ಚುಕಡಿಮೆ ಅರವತ್ತು ಲೀಟರಿನಷ್ಟು ಜಾಗ ಹಿಡಿಯುತ್ತಾನೆ; ನೀರಿನಲ್ಲಿ ನಾವು ಪೂರ್ತಿ ಮುಳುಗದೆ ಪೂರ್ತಿ ತೇಲದೆ ಒದ್ದಾಡುವುದು ಇದೇ ಕಾರಣಕ್ಕೆ. ಕಬ್ಬಿಣ ನೀರಿಗಿಂತ ಹತ್ತಿರ ಹತ್ತಿರ ಎಂಟು ಪಟ್ಟು ಸಾಂದ್ರ. ಅಂದರೆ ಗಾತ್ರ ಬದಲಾಗದೆ ಕಬ್ಬಿಣವಾದ ವೀರನ ಭಾರ ಐದು ಕ್ವಿಂಟಲ್‌ಗೆ ತುಸು ಕಡಿಮೆ, ಗಂಗಾವತಿಯ ಮಿಲ್ಲಿಗೆ ಹೋಗುವ ಎಪ್ಪತ್ತೈದು ಕಿಲೋ ಭತ್ತದ ಚೀಲದ ಲೆಕ್ಕದಲ್ಲಿ ಆರು ಚೀಲ ದಾಟಿ ಕಾಲು ಚೀಲ. ಆರು ಚೀಲ ಭತ್ತವನ್ನು ಎರಡು ಅಂಗಾಲಿನ ಮೇಲೆ ನಿಲ್ಲಿಸಿ ಓಡು ಎಂದರೆ ಓಡುವುದುಂಟೆ? ಒಂದು ಮಳೆ ಬಿದ್ದ ನಮ್ಮ ಎರೆಹೊಲದಲ್ಲಿ ಕಾಲಿಟ್ಟರೆ ವೀರ ಮೊಣಕಾಲಿನತನಕ ಇಳಿದು, ಖಳನಾಯಕ ಕಾಫಿ ಕುಡಿದು ಬರುವತನಕ ಅಲ್ಲೇ ನಿಂತಿರಬೇಕಾಗುತ್ತದೆ. ಇನ್ನು ಅವನ ರಕ್ತವೂ ಎಂಟು ಪಟ್ಟು ಭಾರವಾಗಿ, ಪಾಪದ ಆ ಹೃದಯ ಅದನ್ನು ತಲೆಯವರೆಗೆ ಎತ್ತಲಾರದೆ ಕೈಚೆಲ್ಲುವ ಪ್ರಶ್ನೆ ಬೇರೆ.

ಆದರೆ ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡ ತೊಂದರೆಯೆಂದರೆ, ಆ ಹೆಚ್ಚಿನ ದ್ರವ್ಯ ಬಂದದ್ದೆಲ್ಲಿಂದ? ದ್ರವ್ಯ ಶೂನ್ಯದಿಂದ ಹುಟ್ಟುವುದಿಲ್ಲ, ಶೂನ್ಯಕ್ಕೆ ಹೋಗುವುದೂ ಇಲ್ಲ. ವರ್ಷಕ್ಕೆ ಮೂರು ಸಲ ಇದನ್ನು ಬಾಯಿಪಾಠ ಮಾಡಿಸುವುದು ನನ್ನ ವೃತ್ತಿಧರ್ಮ. ಹೊರಗಿನಿಂದ ಏನನ್ನೂ ತರದೆ ಸಾಂದ್ರನಾಗಬೇಕೆಂದರೆ ಒಂದೇ ದಾರಿ, ಕುಗ್ಗಬೇಕು. ಎಂಟು ಪಟ್ಟು ಸಾಂದ್ರನಾಗಲು ಎತ್ತರ, ಅಗಲ, ದಪ್ಪ ಮೂರೂ ಅರ್ಧವಾಗಬೇಕು. ಐದೂವರೆ ಅಡಿಯ ವೀರ ಎರಡೂಮುಕ್ಕಾಲು ಅಡಿಯವನಾಗಿ, ಸಡಿಲಾದ ಚಲ್ಲಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅನ್ಯಾಯವನ್ನು ಸಹಿಸೆನು" ಎಂದು ಘರ್ಜಿಸುವ ದೃಶ್ಯವನ್ನು ಊಹಿಸಿಕೊಂಡು ನಾನು ನಕ್ಕದ್ದು ಹೆಡ್‌ಮಾಸ್ತರರ ಕೋಣೆಯವರೆಗೂ ಕೇಳಿಸಿತೆಂದು ಆಮೇಲೆ ತಿಳಿಯಿತು.

ಇನ್ನು ಹಗುರಾಗುವ ವಿದ್ಯೆ. ಅದೇ ದ್ರವ್ಯವನ್ನಿಟ್ಟುಕೊಂಡು ಗಾಳಿಯಷ್ಟು ವಿರಳನಾಗಬೇಕಾದರೆ ಅವನು ಐವತ್ತು ಅಡಿಗೂ ಮೀರಿ ಬೆಳೆದು, ಹೇಮಗುಡ್ಡದ ಇಳಿಜಾರಿಗೆ ಬೆನ್ನು ಒರಗಿಸಿ ಕೂರಬೇಕು. ಇದ್ದ ಗಾತ್ರದಲ್ಲೇ ಗಾಳಿಯಾಗುತ್ತೇನೆಂದರೆ ಅವನ ಭಾರ ಒಂದು ಸಣ್ಣ ಈರುಳ್ಳಿಯಷ್ಟು. ಉಳಿದ ಸುಮಾರು ಅರವತ್ತು ಕಿಲೋ ಶಕ್ತಿಯಾಗಿ ಹೊರಬಿದ್ದರೆ ಕೊಪ್ಪಳವೂ ಇಲ್ಲ, ರಾಯಚೂರೂ ಇಲ್ಲ, ತಕರಾರು ಮಾಡಲು ನಾನೂ ಇಲ್ಲ. ಹೇಗೋ ಬದುಕುಳಿದ ಎಂದುಕೊಳ್ಳಿ, ಈರುಳ್ಳಿಭಾರದ ಮನುಷ್ಯನ ಗುದ್ದಿಗೆ ಯಾವ ಖಳನ ಹಲ್ಲು ಉದುರೀತು? ಯಲಬುರ್ಗಾದ ಬಯಲಿನ ಆಷಾಢದ ಗಾಳಿ ಅವನನ್ನು ಎತ್ತಿಕೊಂಡು ಕುಷ್ಟಗಿಯ ಯಾವುದೋ ಜಾಲಿಗಿಡಕ್ಕೆ ಸಿಕ್ಕಿಸಿ ಹೋಗುತ್ತಿತ್ತು. ಸ್ವತಃ ಆಷಾಢದಲ್ಲಿ ಸೈಕಲ್ ಸಮೇತ ಹಿಂದಕ್ಕೆ ಹೋದ ಅನುಭವಸ್ಥ ನಾನು, ಇದನ್ನು ಅಧಿಕಾರವಾಣಿಯಿಂದ ಹೇಳಬಲ್ಲೆ.

ಹೀಗೆ ವೀರನನ್ನು ಸಂಪೂರ್ಣ ಪರಾಭವಗೊಳಿಸಿ ಕೈಯ ಸುಣ್ಣ ಕೊಡವುತ್ತಿದ್ದಾಗ, ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದ ಡ್ರಿಲ್ ಮಾಸ್ತರ ಮಾಬುಸಾಬರು ತಲೆಯೆತ್ತಿದರು. ಅವರು ಆರಡಿಯ ಆಳು, ಹರೆಯದಲ್ಲಿ ಸಂಗ್ರಾಣಿಕಲ್ಲು ಎತ್ತಿ ನಾಲ್ಕೂರಲ್ಲಿ ಹೆಸರು ಮಾಡಿದವರು, ನನ್ನ ಜೀವದ ಗೆಳೆಯ.

"ಮಾಸ್ತರ, ಇಷ್ಟ್ಯಾಕ ಲೆಕ್ಕ ಬಿಡಸಾಕ್ಹತ್ತೀರಿ? ಭಾರ ಆಗೂದು, ಹಗುರ ಆಗೂದು ನಮ್ಮೂರಾಗ ದಿನಾ ನಡದೈತಲ್ಲರಿ. ದ್ಯಾಮವ್ವನ ಗುಂಡು ಮರತ್ರೇನು?"

ಹೌದು, ಮರೆತಿದ್ದೆ. ಊರ ದ್ಯಾಮವ್ವನ ಗುಡಿಯ ಹಿಂದೆ, ಬೇವಿನ ಮರದ ಬುಡದಲ್ಲಿ, ಸಣ್ಣ ಕುಂಬಳಕಾಯಿ ಗಾತ್ರದ ಕರಿಕಲ್ಲಿನ ಗುಂಡೊಂದಿದೆ. ಮನೆಯಲ್ಲಿ ಇಬ್ಬಗೆಯ ಮಾತು ಬಂದಾಗ ಆ ಮನೆಯ ಹಿರಿಯರು ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲೇ ಬಂದು, ಗುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಎರಡೂ ಅಂಗೈಯಲ್ಲಿ ಹಿಡಿದು ಎತ್ತಬೇಕು. ಗುಂಡು ಹಗುರಾಗಿ ಮೊಣಕಾಲಿನ ಮಟ್ಟಕ್ಕೆ ಬಂದರೆ ದ್ಯಾಮವ್ವ ಹೂಂ ಅಂದಳು. ಮೂರು ಸಲ ಎಳೆದರೂ ನೆಲಬಿಟ್ಟು ಅಲುಗದಿದ್ದರೆ ಒಲ್ಲೆ ಅಂದಳು. ನಮ್ಮೂರಲ್ಲಿ ಹೊಲದ ಪಾಲು, ಬಾವಿಯ ಜಾಗ, ಹೆಣ್ಣು ತರುವುದು, ಹೆಣ್ಣು ಕೊಡುವುದು ಎಲ್ಲಕ್ಕೂ ಆ ಗುಂಡಿನದೇ ಕೊನೆಯ ಮಾತು. ಅದು ಹೇಳಿದ ಮೇಲೆ ಯಾರೂ ಮರುಮಾತಾಡುವಂತಿಲ್ಲ, ಹಾಗೆ ಮಾತಾಡಿದವರನ್ನು ಊರು ಒಂದು ವರ್ಷ ಬಿಡುವುದಿಲ್ಲ.

ಗುಂಡಿಗೆ ನನ್ನ ಬಳಿ ಸಿದ್ಧಾಂತವಿತ್ತು. ಕಲ್ಲಿನ ಸಾಂದ್ರತೆ ಬದಲಾಗುವುದಿಲ್ಲ. ಬದಲಾಗುವುದು ಎತ್ತುವವರ ತೋಳು. ಒಳಗೇ 'ಬೇಡ' ಎಂದು ನಿಶ್ಚಯಿಸಿಕೊಂಡವರು, ತಮಗೇ ಗೊತ್ತಿಲ್ಲದಂತೆ, ಬೆನ್ನನ್ನೂ ಭುಜವನ್ನೂ ಸಡಿಲ ಬಿಟ್ಟು ಬೆರಳಿನಿಂದ ಮಾತ್ರ ಎಳೆಯುತ್ತಾರೆ, ಕಲ್ಲು ಏಳುವುದಿಲ್ಲ. 'ಬೇಕು' ಎಂದವರು ತಮಗರಿಯದೆ ಕಾಲೂರಿ ಎತ್ತುತ್ತಾರೆ. ಈ ಘನವಾದ ಸಿದ್ಧಾಂತವನ್ನು ನಾನು ಮಾಬುಸಾಬರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರ ಎರಡನೆಯ ರೊಟ್ಟಿಯೂ ಮುಗಿದಿತ್ತು. ಆ ಗುಂಡು ನನ್ನ ಮನೆಬಾಗಿಲಿಗೇ ಬಂದು ನಿಲ್ಲುತ್ತದೆಂದು ಆಗ ಗೊತ್ತಿರಲಿಲ್ಲ.

ಅದೇ ವಾರ ನನ್ನ ತಂಗಿ ಸರೋಜಾಳಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸದ ಆದೇಶ ಬಂತು. ಅವಳು ಪಿಯುಸಿ ಮುಗಿಸಿ ಐದು ವರ್ಷ ಮನೆಯಲ್ಲಿ ಕೂತಿದ್ದಳು. ಕೂತಿದ್ದಳು ಎನ್ನುವುದು ಶಿಷ್ಟಾಚಾರದ ಮಾತು, ಎಮ್ಮೆ ಕಟ್ಟಿ, ಹೊಲಕ್ಕೆ ಬುತ್ತಿ ಹೊತ್ತು, ನನ್ನ ಶಾಲೆಯ ಉತ್ತರಪತ್ರಿಕೆಗಳ ಅಂಕವನ್ನೂ ಕೂಡಿಸಿಕೊಡುತ್ತಿದ್ದಳು. ಅರ್ಜಿ ಹಾಕಿದ್ದು ನನಗೆ ಮಾತ್ರ ಗೊತ್ತಿತ್ತು. ಕುಷ್ಟಗಿಗೆ ಹೋಗಿ ಕೆಲಸಕ್ಕೆ ಹಾಜರಾಗಲು ಹದಿನೈದು ದಿನದ ಗಡುವು. ಆ ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಇಡೀ ದಿನ ರೊಟ್ಟಿ ಬಡಿದಳು, ಸಂಜೆ ತೆಗೆದಾಗ ಅಕ್ಷರಗಳು ಬೆವರಿಗೆ ಮಸುಕಾಗಿದ್ದವು.

ಸುದ್ದಿ ಓಣಿಗೆ ಬಿದ್ದದ್ದೇ ತಡ, ಬಾಯಿಗೊಂದು ಮಾತು. ಖಾಕಿ ಅಂಗಿ ತೊಟ್ಟ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ, ಗಂಡಸರ ನಡುವೆ ನುಗ್ಗಿ ಟಿಕೀಟು ಕೊಡುವುದು ಹೆಂಗಸರ ಕೆಲಸವೇ, ಅಪ್ಪ ಇದ್ದಿದ್ದರೆ ಹೀಗೆ ಆಗುತ್ತಿತ್ತೇ. ಅಪ್ಪ ತೀರಿಹೋಗಿ ಹತ್ತು ವರ್ಷವಾಗಿತ್ತು. ಮನೆಗೆ ಅವ್ವನೇ ಹಿರಿಯಳು. ಅವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು, ಎಲೆಗೆ ಸುಣ್ಣ ಸವರಿದಳು, ಸರೋಜಾಳ ಮುಖ ನೋಡದೆ ಹೇಳಿದಳು:

"ನಂದೇನೂ ಇಲ್ಲ. ಬರೂ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಗುಂಡು ಎತ್ತತೀನಿ. ಅದು ಹೆಂಗ ಅಂತೈತಿ ಹಂಗ."

ಸರೋಜಾ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಊದದಿದ್ದರೂ ಒಲೆ ಉರಿಯುತ್ತಿತ್ತು, ಆದರೂ ಅವಳು ಊದುಕೊಳವೆ ಹಿಡಿದು ಊದುತ್ತಲೇ ಇದ್ದಳು. "ಅಣ್ಣಾ, ಗುಂಡು ಏಳ್ಲಿಲ್ಲಂದ್ರ ನಾ ಹೋಗಾಂಗಿಲ್ಲ. ಅವ್ವನ ಮಾತು ಮೀರಿ ಹೋಗಿ ನಾ ಹೆಂಗ ಟಿಕೀಟು ಹರೀಲಿ?" ಎಂದಳು. ಅವ್ವ 'ನಂದೇನೂ ಇಲ್ಲ' ಎಂದ ಧಾಟಿ ನನಗೆ ಗೊತ್ತಿತ್ತು. ಅದು 'ಬೇಡ' ಎನ್ನುವುದರ ಸಭ್ಯ ರೂಪವೆಂದು ನಾನು ತೀರ್ಮಾನಿಸಿದೆ. ಸಾಲದ್ದಕ್ಕೆ ಆ ಹಂಗಾಮಿನ ಜೋಳದ ರಾಶಿ ಮಾಡಿದಾಗಿನಿಂದ ಅವ್ವನಿಗೆ ನಡುನೋವು, ಬಿಸಿ ಇಟ್ಟಿಗೆಗೆ ಅರಿವೆ ಸುತ್ತಿ ಬೆನ್ನಿಗಿಟ್ಟುಕೊಂಡೇ ಮಲಗುತ್ತಿದ್ದಳು. ಬೇಡವೆನ್ನುವ ಮನಸ್ಸು, ನೋಯುವ ನಡು. ನನ್ನ ಸಿದ್ಧಾಂತದ ಪ್ರಕಾರ ಗುಂಡು ಏಳುವುದು ಅಸಾಧ್ಯ.

ಆಗ ನನ್ನ ಬುದ್ಧಿಗೆ ಹದಿನೇಳನೆಯ ಪುಟದ ವೀರ ನೆನಪಾದ. ಗಾತ್ರ ಅದೇ ಇರಬೇಕು, ಭಾರ ಮಾತ್ರ ಮಾಯವಾಗಬೇಕು. ಮನುಷ್ಯನಲ್ಲಿ ಅಸಾಧ್ಯವಾದದ್ದು ಕಲ್ಲಿನಲ್ಲಿ ಏಕೆ ಆಗಬಾರದು, ಕಲ್ಲಿನ ಬದಲು ಬೇರೆ ವಸ್ತುವೇ ಇದ್ದರೆ? ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರು ಹಗುರ ಮರ, ಸೆಣಬು, ಮರದ ಹುಡಿ, ಹುಣಸೆಬೀಜದ ಅಂಟು ಇಷ್ಟರಲ್ಲೇ ಆನೆ ಮಾಡುತ್ತಾರೆ, ನೋಡಿದವರಿಗೆ ಎರಡಾಳಿನ ಭಾರ, ಎತ್ತಿದವರಿಗೆ ಒಂದು ತಂಬಿಗೆ. ನಾನು ಮಾಬುಸಾಬರ ಕಿವಿಯಲ್ಲಿ ಹೇಳಿದೆ. ಅವರು, "ಯಾ ಖುದಾ, ಮಾಸ್ತರ, ನೀವು ನೋಡಾಕ ಮಾತ್ರ ಪಾಪದವರು!" ಎಂದರು.

ಭಾನುವಾರ ಅವ್ವ ಮತ್ತು ಸರೋಜಾ ನೆಂಟರ ಮನೆಗೆ ಹೋಗಿದ್ದರು. ಬೇಸಿಗೆಯ ನಡುಮಧ್ಯಾಹ್ನ ನಮ್ಮ ಕಡೆ ನಾಯಿಯೂ ಬೀದಿಗೆ ಬರುವುದಿಲ್ಲ. ಕಳ್ಳತನಕ್ಕೆ ಅದಕ್ಕಿಂತ ಪ್ರಶಸ್ತ ಮುಹೂರ್ತವಿಲ್ಲ. ಗುಂಡನ್ನು ಗೋಣಿಚೀಲದಲ್ಲಿ ಹಾಕಿ, ಸೈಕಲ್ಲಿನ ಹಿಂದೆ ಕಟ್ಟಿ ಮನೆಗೆ ತಂದೆವು. ಜೋಳ ತೂಗುವ ತಕ್ಕಡಿಯಲ್ಲಿಟ್ಟರೆ ಇಪ್ಪತ್ತಾರು ಕಿಲೋ. ಹಂಡೆಯ ಅಂಚಿನತನಕ ನೀರು ತುಂಬಿ ಗುಂಡನ್ನು ಮುಳುಗಿಸಿ, ಕೆಳಗಿನ ಪರಾತದಲ್ಲಿ ಚೆಲ್ಲಿದ ನೀರನ್ನು ಅಳೆದರೆ ಸರಿಯಾಗಿ ಹತ್ತು ಲೀಟರ್. ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಮೇಲೆ, ಪಠ್ಯಪುಸ್ತಕದಲ್ಲಿ ಕರಿಕಲ್ಲಿಗೆ ಕೊಟ್ಟ ಲೆಕ್ಕವೇ. ದ್ಯಾಮವ್ವನ ಗುಂಡು ಪಠ್ಯಕ್ರಮವನ್ನು ಮೀರದೆ ನಡೆದುಕೊಂಡದ್ದಕ್ಕೆ ನನಗೆ ವಿಪರೀತ ಸಂತೋಷವಾಯಿತು. ಸುತ್ತಳತೆ, ಉಬ್ಬು, ಎಡಗಡೆಯ ಕೆತ್ತು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡು, ನಾಲ್ಕು ಗಂಟೆಯೊಳಗೆ ಅದನ್ನು ಅದರ ಜಾಗದಲ್ಲಿಟ್ಟು ಬಂದೆವು.

ಕಿನ್ನಾಳದ ಮುದುಕ ಕಲಾವಿದರೊಬ್ಬರು ನನ್ನ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ನಾಟಕಕ್ಕೆ ಎಂದೆ. "ಪೈಲ್ವಾನ ಎತ್ತೂ ಸೀನ್ ಐತೇನ್ರಿ? ಛಲೋ ಮಾಡಿ ಕೊಡತೀನಿ, ಪೈಲ್ವಾನಗ ಮಾತ್ರ ತೇಕಿದಂಗ ನಟನಾ ಮಾಡಾಕ ಬರಬೇಕು ಮತ್ತ," ಎಂದು ನಕ್ಕರು. ಆ ಮಾತಿನ ತೂಕವನ್ನು ನಾನು ಅಲ್ಲೇ ಅರಿಯಬೇಕಿತ್ತು. ಮುಂದಿನ ಬುಧವಾರಕ್ಕೆ ಕೊಟ್ಟರು ನೋಡಿ, ಎಣ್ಣೆಯ ಜಿಡ್ಡು, ಕುಂಕುಮದ ಕಲೆ, ಕೆತ್ತು ಎಲ್ಲ ಯಥಾವತ್ತು. ಭಾರ ನಾಲ್ಕೇ ಕಿಲೋ. ಗುರುವಾರದ ಉರಿಬಿಸಿಲಿನಲ್ಲಿ ಬೇವಿನ ಬುಡಕ್ಕೆ ಮರದ ಗುಂಡು ಹೋಯಿತು, ಕಲ್ಲಿನ ಗುಂಡು ನಮ್ಮ ಮನೆಯ ಜೋಳದ ಚೀಲಗಳ ಹಿಂದೆ ಬಂದು ಕೂತಿತು. ಅವ್ವ ಪಡಸಾಲೆಯಲ್ಲಿ ಬೆನ್ನಿಗೆ ಇಟ್ಟಿಗೆಯಿಟ್ಟು ಮಲಗಿದ್ದಳು. ಸರೋಜಾಳಿಗೂ ನಾವು ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅರ್ಧ ಊರು ಬೇವಿನ ಕೆಳಗಿತ್ತು. ಒದ್ದೆ ಸೀರೆಯಲ್ಲಿ ಅವ್ವ ಬಂದು ಕುಕ್ಕರಿಸಿದಳು. ಆಗ ಮಾಬುಸಾಬರು ನನ್ನ ಪಕ್ಕ ಸರಿದು ಮೆಲ್ಲಗೆ, "ಮಾಸ್ತರ, ಒಳಗ ಉಸುಕು ತುಂಬಬೇಕಿತ್ತಲ್ಲರಿ," ಎಂದರು. ಕಲ್ಲೆಂದು ನಂಬಿ ಕಲ್ಲಿನ ಜೋರು ಹಾಕಿ ಎತ್ತುವವಳ ಕೈಯಲ್ಲಿ ನಾಲ್ಕು ಕಿಲೋ ಇದ್ದರೆ ಏನಾಗುತ್ತದೆ? ಗುಂಡು ಹಾರಿ ಪೂಜಾರಿಯ ತಲೆ ಸೇರುತ್ತದೆ, ಅಲ್ಲಿಂದ ಟೊಳ್ಳು ಸದ್ದು ಮಾಡುತ್ತಾ ನೆಲಕ್ಕುರುಳುತ್ತದೆ, ಅಲ್ಲಿಂದ ಊರು ನಮ್ಮಿಬ್ಬರ ಕಡೆ ತಿರುಗುತ್ತದೆ. ಒಬ್ಬ ಕಲ್ಪಿತ ವೀರನ ರಕ್ತದ ಸಾಂದ್ರತೆಯನ್ನೂ ಬಿಡದೆ ಲೆಕ್ಕ ಹಾಕಿದ ಮಹಾನುಭಾವ, ಹೆತ್ತವಳ ತೋಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಯವ್ವಾ ದ್ಯಾಮವ್ವಾ, ಮಗಳು ಬಸ್ಸಿನ ಕೆಲಸಕ್ಕ ಹೋಗಬೇಕಂತಾಳ. ಹೋಗಲೋ ಬ್ಯಾಡೋ, ನೀನ ಹೇಳು," ಎಂದು ಅವ್ವ ಎರಡೂ ಕೈ ಗುಂಡಿಗಿಟ್ಟಳು. ಇಟ್ಟ ಕೈ ಒಂದು ಕ್ಷಣ ತಟಸ್ಥವಾಯಿತು. ಯಾಕೆಂದು ನನಗೆ ಆಗ ಹೊಳೆಯಿತು: ಬೆಳಗಿನ ಹೊತ್ತು ಕಲ್ಲು ತಣ್ಣಗಿರುತ್ತದೆ, ಮರ ತಣ್ಣಗಿರುವುದಿಲ್ಲ. ಭಾರ, ಗಾತ್ರ, ಬಣ್ಣ ಎಲ್ಲವನ್ನೂ ಯೋಚಿಸಿದ್ದೆ, ಅಂಗೈಗೆ ತಾಗುವ ತಂಪನ್ನು ಮರೆತಿದ್ದೆ, ಅದೂ ಒಂಬತ್ತನೆಯ ತರಗತಿಯ ಪಾಠ. ಅವ್ವ ತಲೆಯೆತ್ತಿ ಗುಂಪಿನಲ್ಲಿ ನೇರ ನನ್ನನ್ನೇ ಹುಡುಕಿ ನೋಡಿದಳು. ಆ ನೋಟಕ್ಕೆ ನಾನು ಎರಡೂಮುಕ್ಕಾಲು ಅಡಿಗೆ ಇಳಿದೆ.

ಆಮೇಲೆ ಅವ್ವ ಮಾಡಿದ್ದನ್ನು ಯಾವ ನಾಟಕ ಕಂಪನಿಯಲ್ಲೂ ನಾನು ನೋಡಿಲ್ಲ. ಮೊದಲ ಸಲ ಹಲ್ಲು ಕಚ್ಚಿ ಎಳೆದಳು, ಗುಂಡು ಅಲುಗಲಿಲ್ಲ. ಗುಂಪಿನಲ್ಲಿ ಯಾರೋ ಲೊಚಗುಟ್ಟಿದರು. ಸರೋಜಾ ಸೆರಗನ್ನು ಬಾಯಿಗೊತ್ತಿಕೊಂಡಳು. ಅವ್ವ ಕಣ್ಣು ಮುಚ್ಚಿ, ದ್ಯಾಮವ್ವಾ ಎಂದು ಕೂಗಿ, ಉಸಿರು ಬಿಗಿಹಿಡಿದು ಎರಡನೆಯ ಸಲ ಎತ್ತಿದಳು. ನಾಲ್ಕು ಕಿಲೋದ ಆ ಮರ ಅಂಗುಲ ಅಂಗುಲವಾಗಿ, ನಡುಗುತ್ತಾ, ಮೊಣಕಾಲಿನ ಮಟ್ಟಕ್ಕೆ ಬಂತು. ಅಲ್ಲಿ ಒಂದು ಗಳಿಗೆ ನಿಂತಿತು. ಕೂಸನ್ನು ಮಲಗಿಸುವ ಹಾಗೆ ಸದ್ದಿಲ್ಲದೆ ನೆಲಕ್ಕೆ ಇಳಿಯಿತು. "ಹೂಂ ಅಂದ್ಲು! ದ್ಯಾಮವ್ವ ಹೂಂ ಅಂದ್ಲು!" ಎಂದು ಜನ ಕೂಗಿದರು. ಓಣಿಯ ಹೆಂಗಸರೇ, ಅಪ್ಪ ಇದ್ದಿದ್ದರೆ ಎಂದವರೇ, ಸರೋಜಾಳ ಹಣೆಗೆ ಭಂಡಾರ ಹಚ್ಚಿದರು. ನಾನೂ ಮಾಬುಸಾಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೇವೆಂಬುದು ನಮಗೆ ತುಸು ಹೊತ್ತಿನ ಮೇಲೆ ಗೊತ್ತಾಯಿತು.

ಮನೆಗೆ ಬಂದು ಅವ್ವ ಕದ ಮುಂದೆ ಮಾಡಿದಳು. ಒಳಗೆ ನಾವು ನಾಲ್ವರೇ. "ಖರೇ ಗುಂಡು ಎಲ್ಲಿಟ್ಟೀರಿ?" ಎಂದಳು. ಮಾಬುಸಾಬರಂಥ ಮಾಬುಸಾಬರು ಗೋಡೆ ನೋಡಿದರು. ನಾನು ಜೋಳದ ಚೀಲದ ಕಡೆ ಬೆರಳು ತೋರಿಸಿದೆ. ಸರೋಜಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಎಲ್ಲ ಅರ್ಥವಾಗಿ, "ಅಣ್ಣಾ, ಏನ್ ಮಾಡೀರಿ ನೀವು!" ಎಂದು ಹಣೆಯ ಭಂಡಾರಕ್ಕೆ ಕೈಹಚ್ಚಿ ನಿಂತುಬಿಟ್ಟಳು.

"ಅವ್ವಾ, ನೀ ಬ್ಯಾಡ ಅಂತಿ ಅಂತ..." ಎಂದು ನಾನು ಶುರುಮಾಡಿದೆ.

"ನಾ ಬ್ಯಾಡ ಅಂತೀನಿ ಅಂತ ನಿನಗ ಯಾರು ಹೇಳಿದ್ರೋ ಶಾಣ್ಯಾ? ನನ್ನ ಒಂದ್ ಮಾತು ಕೇಳಿದ್ಯಾ? ಊರ ಬಾಯಿ ಮುಚ್ಚಸಾಕ ನನಗ ಗುಂಡು ಬೇಕಾಗಿತ್ತು. ನಾ ಎತ್ತಾಕ ನಿಂತಾಕಿ, ನೀ ಅದನ್ನ ಕದ್ದಿ!" ಎಂದಳು ಅವ್ವ. ಬಯ್ಯುತ್ತಿದ್ದಳು, ಆದರೆ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನಲವತ್ತಾರು ಕಿಲೋದ ನಾನು ಆ ಗಳಿಗೆ ಎಷ್ಟು ಹಗುರವಾಗಿದ್ದೆನೆಂದರೆ, ಕಿಟಕಿಯ ಗಾಳಿ ಜೋರಾಗಿದ್ದರೆ ಸಾಕಿತ್ತು. ತಾಯಿಯನ್ನು ಕೇಳುವ ಬದಲು ತಾಯಿಯ ಮೇಲೆ ಸಿದ್ಧಾಂತ ಕಟ್ಟಿದವನಿಗೆ ಅಷ್ಟಾದರೂ ಆಗಬೇಕಾದದ್ದೇ.

ಮಾಬುಸಾಬರು ಮೆತ್ತಗೆ, "ಆತಲ್ಲ ಬಿಡ್ರಿ ಅವ್ವಾರ, ಕೆಲಸ ಆತು. ಮಧ್ಯಾಹ್ನ ನಾವ ಗುಂಡು ತಿರುಗಿ ಇಟ್ಟು ಬರತೀವಿ," ಎಂದರು.

"ಎಲ್ಲಿ ಆತು? ಕಟಗಿ ಎತ್ತಿದ್ದು ಮಂದಿಗೆ. ದ್ಯಾಮವ್ವಗ ಇನ್ನ ಕೇಳಿಲ್ಲ. ಆಕಿಗೆ ಸುಳ್ಳ ಹೇಳಿ ಮಗಳನ್ನ ಕಳಸಾಕಿ ಅಲ್ಲ ನಾ. ಈಕಡೆ ತರ್ರಿ," ಎಂದು ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು.

ಮಾಬುಸಾಬರು ಗುಂಡನ್ನು ತಂದು ಪಡಸಾಲೆಯ ನಡುವೆ ಇಟ್ಟರು. ಅದು ನೆಲಕ್ಕೆ ಕೂತಾಗ ಬಂದ ಸದ್ದಿಗೇ ಗೊತ್ತಾಗುತ್ತಿತ್ತು, ಇದು ಕಲ್ಲು. ಸರೋಜಾ ಅವ್ವನ ತೋಳು ಹಿಡಿದಳು. "ಬ್ಯಾಡಬೇ ಯವ್ವಾ, ನಿನ್ನ ನಡ ಹಿಡಕೊಂತೈತಿ. ನಾ ಎಲ್ಲಿಗೂ ಹೋಗಾಂಗಿಲ್ಲ. ಆ ಕಾಗದ ಹರದು ಒಲ್ಯಾಗ ಹಾಕತೀನಿ," ಎಂದಳು. ಅವ್ವ ಆ ಕೈ ಬಿಡಿಸಿ ಕುಕ್ಕರುಗಾಲಲ್ಲಿ ಕೂತಳು. ಈ ಸಲ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಲಿಲ್ಲ, ತುಟಿ ಮಾತ್ರ ಅಲುಗಿತು.

ಮೊದಲ ಎಳೆತಕ್ಕೆ ಗುಂಡು ಏಳಲಿಲ್ಲ. ಇದು ನಟನೆಯಲ್ಲವೆಂದು ಅವಳ ಕುತ್ತಿಗೆಯ ನರ ಹೇಳುತ್ತಿತ್ತು. ನಾನು ಕೈಹಚ್ಚಲು ಬಗ್ಗಿದೆ. "ಮುಟ್ಟಬ್ಯಾಡ!" ಎಂದಳು. ಸರೋಜಾ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯ ಸಲ ಅವ್ವ ಎರಡೂ ಪಾದ ಅಗಲಿಸಿ ಊರಿದಳು, ಅಂಗೈಗಳನ್ನು ಗುಂಡಿನ ಬುಡಕ್ಕೆ ತೂರಿಸಿದಳು, ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಳು. ಗುಂಡು ನೆಲ ಬಿಟ್ಟಿತು. ಅವಳ ತೋಳು ಥರಥರ ನಡುಗುತ್ತಿತ್ತು, ಹಣೆಯ ಬೆವರು ಮೂಗಿನತನಕ ಇಳಿದಿತ್ತು, ಗಂಟಲಿನಿಂದ ನಾನು ಹಿಂದೆಂದೂ ಕೇಳದ ಒಂದು ಸದ್ದು ಬಂತು. ಮೊಣಕಾಲಿನ ಮಟ್ಟಕ್ಕೆ ತಂದು, ಅಲ್ಲಿ ಹಿಡಿದುಕೊಂಡೇ, ಅವ್ವ ಮಗಳ ಕಡೆ ಮುಖ ತಿರುಗಿಸಿದಳು.

"ನೋಡ ಸರೋಜಿ, ಕಣ್ಣ ತಗಿ. ಹೂವು ಎತ್ತಿದಂಗ ಐತಿ. ಹೋಗು ನೀ." ಆಮೇಲೆ, ಗುಂಡನ್ನು ಇಳಿಸುವ ಮೊದಲು, ನನ್ನನ್ನು ನೋಡಿ ಕೇಳಿದಳು: "ಹೌದಲ್ಲೋ, ಮಾಸ್ತರ? ಹಗುರ ಐತಲ್ಲ?"

ಅದನ್ನು ಇದೇ ಪಡಸಾಲೆಯಲ್ಲಿ ತಕ್ಕಡಿಗೆ ಹಾಕಿ ಇಪ್ಪತ್ತಾರು ಕಿಲೋ ಎಂದು ಬರೆದುಕೊಂಡವನು ನಾನೇ.

"ಹೌದವ್ವಾ," ಎಂದೆ, "ಭಾಳ ಹಗುರ ಐತಿ."